ಕಂಪನಿಯೇ ಹಡಗು ಪ್ರವಾಸ ರದ್ದು ಮಾಡಿದಾಗ ಕಟ್ಟಿದ ಹಣ ವಾಪಸು ಪಡೆಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಹಡಗು ಕಂಪನಿಯೇ ಪ್ರಯಾಣವನ್ನು ರದ್ದು ಮಾಡಿದ ಮೇಲೂ ಕಟ್ಟಿದ ಹಣ ಪೂರ್ತಿಯಾಗಿ ಕೈಗೆ ಬಾರದೆ ತಿಂಗಳುಗಟ್ಟಲೆ ಅಲೆಯುವವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇದ್ದಾರೆ. ಅಂಥವರ ಕಾಗದಪತ್ರಗಳನ್ನು ಬಿಡಿಸಿ ನೋಡಿದಾಗಲೆಲ್ಲ ನನಗೆ ಕಂಡಿರುವುದು ಒಂದೇ ಸಂಗತಿ: ಕಾನೂನು ಅವರ ಪರವಾಗಿಯೇ ಇರುತ್ತದೆ, ಆದರೆ ಸುದ್ದಿ ತಿಳಿದ ಮೊದಲ ಒಂದೆರಡು ದಿನಗಳಲ್ಲಿ ಮಾಡಿದ ಕೆಲಸಗಳ ಕ್ರಮ ತಪ್ಪಿರುತ್ತದೆ. ಗಾಬರಿಯಲ್ಲಿ ಮೊದಲು ವಿಮಾನದ ಟಿಕೆಟ್ ರದ್ದು ಮಾಡಿದವರು, ಏಜೆಂಟರ ಮಾತು ಕೇಳಿ ‘ನಾವು ಬರುವುದಿಲ್ಲ’ ಎಂದು ಬರೆದುಕೊಟ್ಟವರು, ಮೊಬೈಲಿಗೆ ಬಂದ ಕೊಂಡಿಯನ್ನು ಒತ್ತಿ ಹಣದ ಬದಲು ಮುಂದಿನ ಪ್ರವಾಸದ ಕ್ರೆಡಿಟ್ (ಅದೇ ಕಂಪನಿಯಲ್ಲಿ ಮಾತ್ರ ಬಳಸಬಹುದಾದ ಜಮೆ) ಒಪ್ಪಿಕೊಂಡವರು, ಇವರೆಲ್ಲ ತಮ್ಮದೇ ಬೆರಳಿನಿಂದ ತಮ್ಮ ಹಕ್ಕನ್ನು ಕಿರಿದು ಮಾಡಿಕೊಂಡಿದ್ದಾರೆ. ಆದ್ದರಿಂದ ಈ ಬರಹದಲ್ಲಿ ಕೆಲಸಗಳ ಪಟ್ಟಿಗಿಂತ ಅವುಗಳ ಹಿಂದು ಮುಂದಿಗೆ ಹೆಚ್ಚು ಒತ್ತು ಕೊಟ್ಟಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಗ್ರಿ

ಒಂದು ಫೈಲು ಮತ್ತು ಒಂದು ನೋಟ್‌ಬುಕ್ ಸಾಕು. ಫೈಲಿನಲ್ಲಿ ಹಡಗು ಕಂಪನಿಯ ಬುಕಿಂಗ್ ಸಂಖ್ಯೆ ಇರುವ ದೃಢೀಕರಣ ಪತ್ರ, ಏಜೆಂಟರು ಕೊಟ್ಟ ಬಿಲ್ಲು, ಹಣ ಕಟ್ಟಿದ ಪ್ರತಿಯೊಂದು ಕಂತಿನ ಪುರಾವೆ, ಬುಕಿಂಗ್ ದಿನ ಜಾರಿಯಲ್ಲಿದ್ದ ಷರತ್ತುಗಳ ಪ್ರತಿ, ವಿಮಾನ, ರೈಲು, ಹೋಟೆಲ್, ವೀಸಾ ಮತ್ತು ವಿಮೆಯ ಕಾಗದಗಳು ಇರಬೇಕು. ನೋಟ್‌ಬುಕ್ಕಿನಲ್ಲಿ ಪ್ರತಿ ಫೋನ್ ಕರೆಯ ದಿನಾಂಕ, ಸಮಯ, ಮಾತನಾಡಿದವರ ಹೆಸರು ಮತ್ತು ಅವರು ಹೇಳಿದ ಮಾತನ್ನು ಅಂದೇ ಬರೆದಿಡಬೇಕು. ವಾಟ್ಸ್ಆ್ಯಪ್ ಸಂಭಾಷಣೆಯನ್ನು ಅಳಿಸಬೇಡಿ. ಸಂದೇಶಗಳು ತಾವಾಗಿ ಮಾಯವಾಗುವ ವ್ಯವಸ್ಥೆ ಚಾಲೂ ಆಗಿದ್ದರೆ ಅದನ್ನು ತಕ್ಷಣ ನಿಲ್ಲಿಸಿ, ಇಡೀ ಸಂಭಾಷಣೆಯ ಪ್ರತಿಯನ್ನು ನಿಮ್ಮ ಇ-ಮೇಲಿಗೆ ಕಳಿಸಿಕೊಳ್ಳಿ.

ನಗದು ಕೊಟ್ಟು ರಶೀದಿ ಪಡೆಯದವರು ನಮ್ಮ ಕಡೆ ಬಹಳ ಮಂದಿ. ಪರಿಚಯದ ಏಜೆಂಟರು, ಒಂದೇ ಬೀದಿಯವರು, ಮದುವೆ ಮುಂಜಿಗಳಲ್ಲಿ ಸಿಗುವವರು ಎಂಬ ವಿಶ್ವಾಸದಿಂದ ಹೀಗಾಗುತ್ತದೆ. ನಿಮ್ಮದೂ ಅದೇ ಸ್ಥಿತಿಯಾಗಿದ್ದರೆ ಮಾತು ಬಿಗಡಾಯಿಸುವ ಮೊದಲೇ ‘ನಾವು ಇಂತಿಂಥ ದಿನ ಇಷ್ಟಿಷ್ಟು ಕೊಟ್ಟಿದ್ದೇವೆ, ಒಟ್ಟು ಇಷ್ಟಾಯಿತಲ್ಲವೇ’ ಎಂದು ಸೌಜನ್ಯದಿಂದ ಸಂದೇಶ ಕಳಿಸಿ, ‘ಹೌದು’ ಎಂಬ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಜಗಳವಾದ ಮೇಲೆ ಆ ಉತ್ತರ ಸಿಗುವುದಿಲ್ಲ.

ಹಂತ 1: ನಿಜವಾಗಿ ಏನಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ

‘ಕ್ರೂಸ್ ಕ್ಯಾನ್ಸಲ್ ಆಗಿದೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಆ ಪ್ರಯಾಣವೇ ಪೂರ್ತಿ ರದ್ದಾಗಿರಬಹುದು, ಹಡಗು ಹೊರಡುತ್ತದೆ ಆದರೆ ಮುಟ್ಟುವ ಬಂದರುಗಳು ಬದಲಾಗಿರಬಹುದು, ಇಲ್ಲವೇ ಹೊರಡುವ ದಿನ ಅಥವಾ ಹಡಗು ಬೇರೆಯಾಗಿರಬಹುದು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗ ಕೆಲವು ಕಂಪನಿಗಳು ಸೂಯೆಜ್ ಕಾಲುವೆಯ ಮೂಲಕ ಹೋಗಬೇಕಿದ್ದ ಪ್ರಯಾಣಗಳನ್ನು ರದ್ದುಪಡಿಸಿದವು, ಇನ್ನು ಕೆಲವು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿಕೊಂಡು ಹೋದವು. ಎರಡೂ ಕಡೆಯ ಪ್ರಯಾಣಿಕರು ಸಿಟ್ಟಾದರೂ ಅವರಿಗೆ ದೊರೆಯುವ ಹಕ್ಕು ಒಂದೇ ಆಗಿರಲಿಲ್ಲ. ಬಂದರುಗಳನ್ನು ಬದಲಿಸುವ ಅಧಿಕಾರವನ್ನು ಹೆಚ್ಚು ಕಡಿಮೆ ಎಲ್ಲ ಕಂಪನಿಗಳೂ ಷರತ್ತಿನಲ್ಲೇ ಇಟ್ಟುಕೊಂಡಿರುತ್ತವೆ. ಅಂಥ ಸಂದರ್ಭದಲ್ಲಿ ಬಿಟ್ಟುಹೋದ ಬಂದರಿನ ತೆರಿಗೆ ಮತ್ತು ಅಲ್ಲಿನ ಸುತ್ತಾಟಕ್ಕೆ ಕಟ್ಟಿದ ಹಣವಷ್ಟೇ ಸಾಮಾನ್ಯವಾಗಿ ವಾಪಸಾಗುತ್ತದೆ.

ದಿನಾಂಕ ಮುಂದೆ ಹೋದರೆ ಅದನ್ನು ಬದಲಾವಣೆ ಎಂದು ಒಪ್ಪಿಕೊಳ್ಳುವ ಅಗತ್ಯವಿಲ್ಲ. ಸಿಂಗಪುರದಿಂದ ಹೊರಡಬೇಕಿದ್ದ ಡಿಸ್ನಿ ಅಡ್ವೆಂಚರ್ ಹಡಗಿನ ಮೊದಲ ಪ್ರಯಾಣವನ್ನು 2025ರ ಡಿಸೆಂಬರ್‌ನಿಂದ 2026ರ ಮಾರ್ಚ್‌ಗೆ ಮುಂದೂಡಿದಾಗ, ಡಿಸೆಂಬರ್ ರಜೆಗೆಂದೇ ಕಾಯ್ದಿರಿಸಿದ್ದವರ ಪಾಲಿಗೆ ಮೂಲ ಪ್ರಯಾಣ ರದ್ದಾದಂತೆಯೇ ಆಯಿತು. ಮಕ್ಕಳ ಪರೀಕ್ಷೆಯ ಸಮಯಕ್ಕೆ ಬರುವ ಹೊಸ ದಿನಾಂಕ ನಿಮಗೆ ಉಪಯೋಗವಿಲ್ಲದಿದ್ದರೆ ಅದನ್ನು ನಿರಾಕರಿಸಿ ಹಣ ಕೇಳಬಹುದು.

ಖಚಿತಪಡಿಸಿಕೊಳ್ಳುವ ವಿಧಾನ ಸರಳವಾದದ್ದು. ಏಜೆಂಟರ ಮಾತನ್ನಾಗಲಿ, ಗುಂಪಿನಲ್ಲಿ ಹರಿದಾಡುವ ಸ್ಕ್ರೀನ್‌ಶಾಟನ್ನಾಗಲಿ ನಂಬದೆ, ಹಡಗು ಕಂಪನಿಯ ಅಧಿಕೃತ ಜಾಲತಾಣದಲ್ಲಿ ನಿಮ್ಮ ಬುಕಿಂಗ್ ಸಂಖ್ಯೆ ಮತ್ತು ಹೆಸರು ಹಾಕಿ ನೋಡಿ. ಆ ಸಂಖ್ಯೆಯ ಬುಕಿಂಗೇ ಅಲ್ಲಿ ಇಲ್ಲವೆಂದು ಬಂದರೆ ಅಥವಾ ಪೂರ್ತಿ ಹಣ ಸಂದಾಯವಾಗಿಲ್ಲ ಎಂದು ತೋರಿಸಿದರೆ ಅದು ಅತ್ಯಂತ ಗಂಭೀರವಾದ ಎಚ್ಚರಿಕೆಯ ಸೂಚನೆ. ನಿಮ್ಮ ಹಣ ಹಡಗು ಕಂಪನಿಯನ್ನು ತಲುಪಿಯೇ ಇರಲಾರದು, ಆಗ ನಿಮ್ಮ ವ್ಯವಹಾರ ಏಜೆಂಟರೊಂದಿಗೆ ಮಾತ್ರ.

ಹಂತ 2: ನೀವಾಗಿ ರದ್ದು ಮಾಡಬೇಡಿ

ಈ ಇಡೀ ಬರಹದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಂಪನಿ ರದ್ದು ಮಾಡಿದರೆ ಕಟ್ಟಿದ ಹಣ ಪೂರ್ತಿ ವಾಪಸಾಗಬೇಕು. ಪ್ರಯಾಣಿಕರು ರದ್ದು ಮಾಡಿದರೆ ಷರತ್ತಿನಂತೆ ಶೇಕಡಾವಾರು ಹಣ ಕಡಿತವಾಗುತ್ತದೆ, ಹೊರಡುವ ದಿನ ಹತ್ತಿರವಿದ್ದಷ್ಟೂ ಆ ಕಡಿತ ಹೆಚ್ಚುತ್ತ ಹೋಗಿ ಕೊನೆಯ ವಾರಗಳಲ್ಲಿ ಪೂರ್ತಿ ಮೊತ್ತವನ್ನೇ ನುಂಗಿಬಿಡಬಹುದು.

“ಸಾರ್, ನೀವೇ ಒಂದು ಕ್ಯಾನ್ಸಲ್ ಮೆಸೇಜ್ ಹಾಕ್ಬಿಡಿ, ಪ್ರೊಸೆಸ್ ಬೇಗ ಆಗುತ್ತೆ” ಎಂದು ಏಜೆಂಟರು ಹೇಳುವುದುಂಟು. ಅವರಲ್ಲಿ ಎಲ್ಲರಿಗೂ ಕೆಟ್ಟ ಉದ್ದೇಶವಿರುತ್ತದೆ ಎಂದು ನಾನು ಹೇಳುವುದಿಲ್ಲ, ಅವರ ಕಂಪ್ಯೂಟರಿನಲ್ಲಿ ಆ ಗುಂಡಿ ಸುಲಭವಾಗಿ ಸಿಗುತ್ತದೆ ಅಷ್ಟೇ. ಆದರೆ ಆ ಒಂದು ಸಾಲು ಸಂದೇಶ ಕಳಿಸಿದ ಕ್ಷಣದಿಂದ ದಾಖಲೆಯಲ್ಲಿ ರದ್ದು ಮಾಡಿದವರು ನೀವಾಗುತ್ತೀರಿ. ಮಧುಗಿರಿ ಕಡೆಯ ಒಂದು ಕುಟುಂಬ ಕಂಪನಿಯ ಪ್ರಕಟಣೆ ಬರುವ ಎರಡು ದಿನ ಮೊದಲು, ಸುದ್ದಿಯ ಗುಲ್ಲು ಕೇಳಿಯೇ ಇಂಥ ಸಂದೇಶ ಕಳಿಸಿತ್ತು. ಅವರ ಕಾಗದಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು, ಎರಡು ದಿನ ಸುಮ್ಮನಿದ್ದಿದ್ದರೆ ಬರುತ್ತಿದ್ದ ಹಣಕ್ಕಾಗಿ ಅವರು ವಾದಿಸಬೇಕಾಗಿ ಬಂದಿತ್ತು.

ಆದ್ದರಿಂದ ಏಜೆಂಟರಿಗೆ ಕಳಿಸುವ ಮೊದಲ ಸಂದೇಶ ಹೀಗಿರಲಿ: ‘ಕಂಪನಿ ಪ್ರಯಾಣವನ್ನು ರದ್ದುಪಡಿಸಿರುವ ಅಧಿಕೃತ ಸೂಚನೆಯ ಪ್ರತಿಯನ್ನು ದಯವಿಟ್ಟು ಕಳಿಸಿ. ನಾವು ನಮ್ಮ ಕಡೆಯಿಂದ ಬುಕಿಂಗ್ ರದ್ದು ಮಾಡುತ್ತಿಲ್ಲ.’ ಸೂಚನೆಯ ಪ್ರತಿ ಕೈಗೆ ಬಂದ ಮೇಲೆ ಮುಂದಿನ ಹಂತ.

ಹಂತ 3: ನಿಮ್ಮ ಹಣ ಯಾವ ದಾರಿಯಲ್ಲಿ ಹೋಯಿತು ಎಂದು ಬರೆದುಕೊಳ್ಳಿ

ಹಡಗು ಕಂಪನಿ ಹಣವನ್ನು ಯಾರಿಂದ ಪಡೆಯಿತೋ ಅವರಿಗೇ ವಾಪಸು ಮಾಡುತ್ತದೆ. ಮೂರು ಜಿಲ್ಲೆಗಳಲ್ಲಿ ಯಾವುದಕ್ಕೂ ಕಡಲಿಲ್ಲ, ಹಡಗು ಕಂಪನಿಗಳ ಕಚೇರಿಯೂ ಇಲ್ಲ. ಹಾಗಾಗಿ ತುಮಕೂರಿನ ಬಿ.ಎಚ್. ರಸ್ತೆಯ ಏಜೆಂಟರಿಗೆ ಕೊಟ್ಟ ಹಣ ಬೆಂಗಳೂರಿನ ಅಥವಾ ಮುಂಬೈಯ ಸಗಟು ಏಜೆನ್ಸಿಗೆ ಹೋಗಿ, ಅಲ್ಲಿಂದ ಹಡಗು ಕಂಪನಿಗೆ ಸೇರಿರುತ್ತದೆ. ವಾಪಸು ಬರುವಾಗಲೂ ಅದೇ ದಾರಿಯಲ್ಲಿ, ಒಂದೊಂದು ಮೆಟ್ಟಿಲಲ್ಲೂ ನಿಂತು ನಿಂತು ಬರುತ್ತದೆ. ‘ಕಂಪನಿಯಿಂದ ಇನ್ನೂ ಬಂದಿಲ್ಲ’ ಎಂಬ ಮಾತು ಎಷ್ಟೋ ಸಲ ನಿಜವಿರುತ್ತದೆ, ಎಷ್ಟೋ ಸಲ ಹಣ ಮಧ್ಯದ ಖಾತೆಯಲ್ಲಿ ಕುಳಿತಿರುತ್ತದೆ. ಯಾವುದು ನಿಜ ಎಂದು ತಿಳಿಯುವ ಮಾರ್ಗವೆಂದರೆ, ಹಡಗು ಕಂಪನಿಗೆ ನೇರವಾಗಿ ಇ-ಮೇಲ್ ಬರೆದು, ಈ ಬುಕಿಂಗ್ ಸಂಖ್ಯೆಯ ಹಣವನ್ನು ಯಾವ ದಿನಾಂಕದಂದು ಯಾರಿಗೆ ಎಷ್ಟು ವಾಪಸು ಮಾಡಲಾಗಿದೆ ಎಂದು ಕೇಳುವುದು. ‘ಏಜೆಂಟರ ಬಳಿಯೇ ವಿಚಾರಿಸಿ’ ಎಂಬ ಉತ್ತರ ಬರಬಹುದು. ಆ ಉತ್ತರವನ್ನೂ ಫೈಲಿನಲ್ಲಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇದೇ ಹಂತದಲ್ಲಿ ಕಟ್ಟಿದ ಮೊತ್ತವನ್ನು ಬಾಬುಗಳಾಗಿ ಒಡೆದುಕೊಳ್ಳಿ: ಕೋಣೆಯ ಮೂಲ ದರ, ಬಂದರು ಶುಲ್ಕ ಮತ್ತು ತೆರಿಗೆ, ಮುಂಗಡವಾಗಿ ಕಟ್ಟಿದ ಸಿಬ್ಬಂದಿ ಟಿಪ್ಸ್, ದಡದ ಸುತ್ತಾಟ, ವೈ-ಫೈ ಮತ್ತು ಪಾನೀಯದ ಪ್ಯಾಕೇಜ್, ಏಜೆಂಟರ ಸೇವಾ ಶುಲ್ಕ, ಜಿಎಸ್‌ಟಿ, ವಿದೇಶ ಪ್ರವಾಸದ ಪ್ಯಾಕೇಜಾದರೆ ಟಿಸಿಎಸ್ (ಮಾರುವವರೇ ನಿಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ). ಒಟ್ಟು ಮೊತ್ತವನ್ನಷ್ಟೇ ಕೇಳಿದವರಿಗೆ ಕಡಿಮೆ ಹಣ ಬಂದಾಗ ಯಾವುದು ಬಿಟ್ಟುಹೋಯಿತು ಎಂಬುದೇ ತಿಳಿಯುವುದಿಲ್ಲ. ಡಾಲರಿನಲ್ಲಿ ಕಟ್ಟಿದ್ದರೆ ಡಾಲರಿನ ಲೆಕ್ಕದಲ್ಲೇ ವಾಪಸು ಬರುತ್ತದೆ, ಆದ್ದರಿಂದ ವಿನಿಮಯ ದರದ ವ್ಯತ್ಯಾಸ ಮತ್ತು ಬ್ಯಾಂಕ್ ಹಾಕಿದ ವಿದೇಶಿ ವಹಿವಾಟು ಶುಲ್ಕದಿಂದ ರೂಪಾಯಿಯಲ್ಲಿ ಸ್ವಲ್ಪ ಏರುಪೇರು ಕಂಡರೆ ಅದನ್ನು ವಂಚನೆ ಎಂದು ಭಾವಿಸಬೇಡಿ.

ಹಂತ 4: ಹಣವೋ, ಕ್ರೆಡಿಟ್ಟೋ, ಬದಲಿ ದಿನವೋ ಎಂಬುದನ್ನು ತೀರ್ಮಾನಿಸಿ

ರದ್ದತಿಯ ಸೂಚನೆಯ ಜೊತೆಗೇ ಕಂಪನಿ ಕೆಲವು ಆಯ್ಕೆಗಳನ್ನು ಮುಂದಿಡುತ್ತದೆ. ಅವುಗಳಲ್ಲಿ ಹೆಚ್ಚು ಹೊಳೆಯುವುದು ಮುಂದಿನ ಪ್ರವಾಸದ ಕ್ರೆಡಿಟ್. 2020ರಲ್ಲಿ ಕೋವಿಡ್‌ನಿಂದ ಹಡಗುಗಳೆಲ್ಲ ನಿಂತಾಗ ರಾಯಲ್ ಕೆರಿಬಿಯನ್‌ನಂಥ ದೊಡ್ಡ ಕಂಪನಿಗಳು ಹಣ ವಾಪಸು ಕೇಳದವರಿಗೆ ಕಟ್ಟಿದ ದರದ ಶೇಕಡಾ 125ರಷ್ಟು ಕ್ರೆಡಿಟ್ ಕೊಡುತ್ತೇವೆಂದು ಹೇಳಿದ್ದವು. ಕೇಳುವುದಕ್ಕೆ ಕಾಲುಭಾಗ ಲಾಭದಂತೆ ಕಾಣುತ್ತದೆ. ಲೆಕ್ಕಕ್ಕಾಗಿ ಒಂದು ಲಕ್ಷ ರೂಪಾಯಿ ಮೂಲ ದರ ಎಂದಿಟ್ಟುಕೊಳ್ಳೋಣ. ಕೈಯಲ್ಲಿ 1,25,000 ರೂಪಾಯಿಯ ಕ್ರೆಡಿಟ್ ಇದ್ದರೂ ಮುಂದಿನ ವರ್ಷ ಅದೇ ಕೋಣೆಯ ದರ 1,30,000 ಆಗಿದ್ದರೆ, ಲಾಭವೆಂದುಕೊಂಡದ್ದೆಲ್ಲ ದರ ಏರಿಕೆಯಲ್ಲೇ ಕರಗಿ, ಮೇಲೆ ನೀವೇ ಐದು ಸಾವಿರ ಸೇರಿಸಬೇಕು. ಬಂದರು ತೆರಿಗೆ ಮತ್ತು ಟಿಪ್ಸ್‌ಗೆ ಅನೇಕ ಕ್ರೆಡಿಟ್‌ಗಳು ಅನ್ವಯಿಸುವುದೇ ಇಲ್ಲ.

ಒಪ್ಪುವ ಮೊದಲು ನಾಲ್ಕು ಸಂಗತಿಗಳನ್ನು ಬರಹದಲ್ಲಿ ಕೇಳಿ ಪಡೆಯಬೇಕು: ಕ್ರೆಡಿಟ್ಟಿನ ಅವಧಿ ಮುಗಿಯುವುದು ಬುಕಿಂಗ್ ಮಾಡುವ ದಿನಕ್ಕೋ ಪ್ರಯಾಣಿಸುವ ದಿನಕ್ಕೋ, ಮನೆಯ ಬೇರೊಬ್ಬರ ಹೆಸರಿಗೆ ವರ್ಗಾಯಿಸಬಹುದೋ ಇಲ್ಲವೋ, ಬಳಸದೆ ಉಳಿದರೆ ಹಣವಾಗಿ ವಾಪಸು ಬರುತ್ತದೋ, ಮತ್ತು ಒಮ್ಮೆ ಒಪ್ಪಿದ ಮೇಲೆ ನಗದಿಗೆ ಬದಲಿಸಿಕೊಳ್ಳಬಹುದೋ. ವಯಸ್ಸಾದ ತಂದೆತಾಯಿಯರಿಗಾಗಿ ಮಾಡಿಸಿದ ಬುಕಿಂಗ್ ಆಗಿದ್ದರೆ ನಾನು ಯಾವತ್ತೂ ಕ್ರೆಡಿಟ್ ಬೇಡ, ಹಣವನ್ನೇ ಕೇಳಿ ಎನ್ನುತ್ತೇನೆ. ಮುಂದಿನ ವರ್ಷ ಅವರ ಆರೋಗ್ಯ ಹೇಗಿರುತ್ತದೆ ಎಂಬುದು ಯಾವ ಷರತ್ತಿನಲ್ಲೂ ಬರೆದಿರುವುದಿಲ್ಲ. ಕಂಪನಿಯ ಹಣಕಾಸಿನ ಸ್ಥಿತಿಯ ಬಗ್ಗೆ ಅನುಮಾನವಿದ್ದರೂ ಇದೇ ಮಾತು.

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 2019ರಲ್ಲಿ ಮುಂಬೈಯನ್ನು ನೆಲೆಯಾಗಿಸಿಕೊಂಡು ಆರಂಭವಾದ ಜಲೇಶ್ ಕ್ರೂಸಸ್ 2020ರಲ್ಲೇ ನಿಂತುಹೋಯಿತು, ಅದರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ಗೆ ಒಡೆಯಲು ಹೋಯಿತು. 2023ರ ನವೆಂಬರ್‌ನಲ್ಲಿ ಇಸ್ತಾಂಬುಲ್‌ನಿಂದ ಮೂರು ವರ್ಷಗಳ ಯಾನಕ್ಕೆ ಹೊರಡಬೇಕಿದ್ದ ‘ಲೈಫ್ ಅಟ್ ಸೀ’ ಪ್ರವಾಸವು, ಸಂಸ್ಥೆಗೆ ಹಡಗನ್ನು ಖರೀದಿಸಲಾಗದೆ, ದಿನಾಂಕವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ ರದ್ದಾಯಿತು. ಮನೆಗಳನ್ನು ಮಾರಿ ಅಥವಾ ಬಾಡಿಗೆಗೆ ಕೊಟ್ಟು ಸಿದ್ಧರಾಗಿದ್ದ ಪ್ರಯಾಣಿಕರಿಗೆ ಹಣವನ್ನು ಕಂತುಗಳಲ್ಲಿ ಕೊಡುತ್ತೇವೆಂದು ಹೇಳಲಾಯಿತು. ಇವೆರಡರಿಂದ ಓದಿಕೊಳ್ಳಬೇಕಾದ ಸೂಚನೆಗಳು ಸ್ಪಷ್ಟವಾಗಿವೆ: ದಿನಾಂಕ ಎರಡನೆಯ ಸಲ ಮುಂದೆ ಹೋಗುವುದು, ಹಡಗಿನ ಹೆಸರೇ ತೀರ್ಮಾನವಾಗದೆ ಬುಕಿಂಗ್ ನಡೆಯುವುದು, ಕಂತಿನಲ್ಲಿ ವಾಪಸು ಎಂಬ ಮಾತು, ಫೋನ್ ಎತ್ತುವವರು ದಿನೇ ದಿನೇ ಕಡಿಮೆಯಾಗುವುದು. ಇವುಗಳಲ್ಲಿ ಯಾವುದೇ ಎರಡು ಕಂಡರೂ ಕ್ರೆಡಿಟ್ ಮುಟ್ಟಬೇಡಿ. ಭಾರತದ ಕಂಪನಿಯೊಂದು ದಿವಾಳಿ ಪ್ರಕ್ರಿಯೆಗೆ ಹೋದರೆ ಕಂಪನಿಯಿಂದ ಹಣ ಬರಬೇಕಾದವರಿಂದ ಕ್ಲೇಮು ಆಹ್ವಾನಿಸುವ ಸಾರ್ವಜನಿಕ ಪ್ರಕಟಣೆ ಬರುತ್ತದೆ, ಅದರಲ್ಲಿ ಹೇಳಿದ ಗಡುವಿನೊಳಗೆ ನಿಮ್ಮ ಕ್ಲೇಮನ್ನು ಪುರಾವೆಗಳೊಂದಿಗೆ ಸಲ್ಲಿಸಲೇಬೇಕು.

ಹಂತ 5: ಬರಹದಲ್ಲಿ ಹಣ ಕೇಳಿ

ಫೋನಿನಲ್ಲಿ ಎಷ್ಟು ಜೋರಾಗಿ ಮಾತನಾಡಿದರೂ ಅದು ದಾಖಲೆಯಾಗುವುದಿಲ್ಲ. ಗುಂಪಾಗಿ ಹೋಗಿ ಏಜೆಂಟರ ಅಂಗಡಿಯ ಮುಂದೆ ಕೂಗಾಡುವುದರಿಂದ ಮನಸ್ಸು ಹಗುರವಾದೀತು, ಹಣ ಬೇಗ ಬಂದದ್ದನ್ನು ನಾನು ಕಂಡಿಲ್ಲ. ಏಜೆಂಟರಿಗೆ, ಸಗಟು ಏಜೆನ್ಸಿಗೆ ಮತ್ತು ಹಡಗು ಕಂಪನಿಗೆ ಒಂದೇ ಇ-ಮೇಲ್ ಕಳಿಸಿ, ಅದರದೇ ಮುದ್ರಿತ ಪ್ರತಿಯನ್ನು ಏಜೆಂಟರ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ ರಶೀದಿ ಇಟ್ಟುಕೊಳ್ಳಿ. ಪತ್ರದ ಮಾದರಿ ಇದು:

‘ಇಂತಿಂಥ ಬುಕಿಂಗ್ ಸಂಖ್ಯೆಯಡಿ, ಇಂತಿಂಥ ದಿನಾಂಕದಂದು ಇಂತಿಂಥ ಬಂದರಿನಿಂದ ಹೊರಡಬೇಕಿದ್ದ ಪ್ರಯಾಣಕ್ಕಾಗಿ ನಾನು ಮತ್ತು ನನ್ನ ಕುಟುಂಬದ ಇಷ್ಟು ಮಂದಿ ಒಟ್ಟು ಇಷ್ಟು ರೂಪಾಯಿ ಪಾವತಿಸಿದ್ದೇವೆ. ಬಾಬುವಾರು ವಿವರ ಲಗತ್ತಿಸಿದೆ. ಇಂತಿಂಥ ದಿನಾಂಕದ ಸೂಚನೆಯಂತೆ ಕಂಪನಿಯೇ ಈ ಪ್ರಯಾಣವನ್ನು ರದ್ದುಪಡಿಸಿದೆ. ನಾವು ಬುಕಿಂಗ್ ರದ್ದು ಮಾಡಿಲ್ಲ. ಕ್ರೆಡಿಟ್ ಅಥವಾ ಬದಲಿ ದಿನಾಂಕವನ್ನು ನಾವು ಒಪ್ಪಿಲ್ಲ. ಪೂರ್ತಿ ಮೊತ್ತವನ್ನು ಪಾವತಿ ಮಾಡಿದ ಮೂಲ ಖಾತೆಗೇ 30 ದಿನಗಳೊಳಗೆ ವಾಪಸು ಮಾಡಬೇಕೆಂದು ಕೋರುತ್ತೇನೆ.’

30 ದಿನ ಎಂಬ ಸಂಖ್ಯೆ ನಾನು ಊಹಿಸಿದ್ದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಲೋಪವಿರುವ ಸೇವೆಯ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹಾಗೆ ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ ವಾಪಸು ಮಾಡಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಹೊರದೇಶದಿಂದ ಹೊರಡುವ ಪ್ರಯಾಣವಾದರೆ ಅಲ್ಲಿನ ನಿಯಮವನ್ನೂ ಪತ್ರದಲ್ಲಿ ಕಾಣಿಸುವುದು ಒಳ್ಳೆಯದು. ಐರೋಪ್ಯ ಒಕ್ಕೂಟದಲ್ಲಿ ಮತ್ತು ಬ್ರಿಟನ್ನಿನಲ್ಲಿ ಮಾರಾಟವಾದ ಪ್ಯಾಕೇಜ್ ಪ್ರವಾಸಗಳಿಗೆ 14 ದಿನಗಳ ಗಡುವು ಇದೆ. ಅಮೆರಿಕದ ಬಂದರುಗಳಿಂದ ಹೊರಡುವ, 50 ಅಥವಾ ಹೆಚ್ಚು ಪ್ರಯಾಣಿಕರ ಹಡಗುಗಳ ವಿಷಯದಲ್ಲಿ ಪ್ರಯಾಣ ರದ್ದಾದರೆ, ಅಥವಾ ಹೊರಡುವುದು ಮೂರು ದಿನ ಇಲ್ಲವೇ ಅದಕ್ಕಿಂತ ಹೆಚ್ಚು ತಡವಾದ ಕಾರಣ ಪ್ರಯಾಣಿಕರು ಹೋಗದಿರಲು ನಿರ್ಧರಿಸಿದರೆ, ಹಣ ವಾಪಸು ಕೊಡಬೇಕೆಂಬ ನಿಯಮ 2022ರಿಂದ ಇದೆ.

ಹಂತ 6: ವಿಮಾನ, ರೈಲು, ವೀಸಾ, ವಿಮೆ

ರದ್ದತಿಯ ಸೂಚನೆ ಕೈಯಲ್ಲಿದೆ, ಹಣ ಕೇಳಿ ಪತ್ರ ಹೋಗಿದೆ ಎಂದಾದ ಮೇಲೆಯೇ ಇವುಗಳನ್ನು ಮುಟ್ಟಬೇಕು. ಆದರೆ ತಡ ಮಾಡುವಂತಿಲ್ಲ, ಏಕೆಂದರೆ ದಿನ ಹತ್ತಿರವಾದಷ್ಟೂ ಕಡಿತ ಹೆಚ್ಚುತ್ತದೆ. ಹಿಂದಿನ ಐದು ಹಂತಗಳನ್ನು ಎರಡು ಮೂರು ದಿನಗಳಲ್ಲಿ ಮುಗಿಸಲು ಸಾಧ್ಯವಿದೆ.

ವಿಮಾನ ಟಿಕೆಟನ್ನು ಹಡಗು ಕಂಪನಿಯ ಮೂಲಕವೇ ಪ್ಯಾಕೇಜಿನಲ್ಲಿ ಪಡೆದಿದ್ದರೆ ಅದರ ಹೊಣೆ ಅವರದು, ನೀವು ಮುಟ್ಟಬೇಡಿ. ದೇವನಹಳ್ಳಿಯಿಂದ ಸಿಂಗಪುರಕ್ಕೋ ಕೊಚ್ಚಿಗೋ ನೀವೇ ಪ್ರತ್ಯೇಕವಾಗಿ ಕೊಂಡಿದ್ದರೆ ರದ್ದತಿ ಶುಲ್ಕ ನಿಮ್ಮ ಮೇಲೆಯೇ ಬೀಳುತ್ತದೆ. ಹಾಗಿದ್ದರೂ ‘ವಾಪಸಿಲ್ಲದ ಟಿಕೆಟ್’ ಎಂಬ ಮಾತನ್ನು ಕೇಳಿ ಕೈಬಿಡಬೇಡಿ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ ಅಂಥ ಟಿಕೆಟಿನಲ್ಲೂ ಶಾಸನಬದ್ಧ ತೆರಿಗೆಗಳು ಮತ್ತು ವಿಮಾನ ನಿಲ್ದಾಣದ ಬಳಕೆ ಶುಲ್ಕ ವಾಪಸಾಗಬೇಕು, ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಶುಲ್ಕದ ರಶೀದಿಯನ್ನು ಇಟ್ಟುಕೊಳ್ಳಿ, ಇದನ್ನು ಮುಂದೆ ನಷ್ಟವೆಂದು ಕೇಳಬಹುದು.

ಕೋಲಾರದ ಕಡೆಯವರು ಬಂಗಾರಪೇಟೆಯಿಂದ ಚೆನ್ನೈಗೆ ರೈಲಿನಲ್ಲಿ ಹೋಗಿ ಅಲ್ಲಿ ಹಡಗು ಹತ್ತುವ ಯೋಜನೆ ಹಾಕಿಕೊಳ್ಳುತ್ತಾರೆ. ಸಾಮಾನ್ಯ ಕೋಟಾದ ಟಿಕೆಟನ್ನು ಬೇಗ ರದ್ದು ಮಾಡಿದರೆ ಹೋಗುವ ಹಣ ಕಡಿಮೆ, ದೃಢಪಟ್ಟ ತತ್ಕಾಲ್ ಟಿಕೆಟಿಗೆ ಏನೂ ಬರುವುದಿಲ್ಲ. ವೀಸಾ ಶುಲ್ಕ ವಾಪಸಾಗುವುದಿಲ್ಲ, ಆದರೆ ವೀಸಾದ ಅವಧಿ ಉಳಿದಿದ್ದರೆ ಇನ್ನೊಂದು ಪ್ರವಾಸಕ್ಕೆ ಬಳಸಬಹುದೇ ಎಂದು ನೋಡಿಕೊಳ್ಳಿ.

ಪ್ರವಾಸ ವಿಮೆಯ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ಅನಾರೋಗ್ಯ, ಮರಣ, ಪ್ರಕೃತಿ ವಿಕೋಪಗಳಂಥ ಪಟ್ಟಿ ಮಾಡಿದ ಕಾರಣಗಳಿಗಷ್ಟೇ ಹೆಚ್ಚಿನ ಪಾಲಿಸಿಗಳು ರದ್ದತಿಯ ನಷ್ಟ ತುಂಬುತ್ತವೆ, ಪ್ರವಾಸ ಸಂಸ್ಥೆ ತಾನಾಗಿ ರದ್ದು ಮಾಡಿದ್ದನ್ನು ಹೊರಗಿಟ್ಟಿರುವುದೂ ಉಂಟು. ಪಾಲಿಸಿಯ ಹೊರಗಿಡುವಿಕೆಗಳ ಭಾಗವನ್ನು ಓದಿ. ಕ್ಲೇಮು ಸಿಗದಿದ್ದರೂ ಪಾಲಿಸಿ ಆರಂಭವಾಗುವ ದಿನಕ್ಕೆ ಮೊದಲೇ ಅದನ್ನು ರದ್ದುಪಡಿಸಿ ಪ್ರೀಮಿಯಂ ವಾಪಸು ಕೇಳಿ. ಆ ದಿನ ದಾಟಿದರೆ ಕಷ್ಟ.

ಹಂತ 7: ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನ ಮೊರೆ ಹೋಗಿ

30 ದಿನ ಕಳೆದರೂ ಹಣ ಬಾರದಿದ್ದರೆ, ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಲ್ಲಿ ಪಾವತಿಸಿದವರಿಗೆ ಒಂದು ಹೆಚ್ಚುವರಿ ದಾರಿ ಇದೆ. ಕಾರ್ಡು ಕೊಟ್ಟ ಬ್ಯಾಂಕಿಗೆ ‘ಸೇವೆ ಒದಗಿಸಿಲ್ಲ’ ಎಂಬ ಕಾರಣದಡಿ, ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕ ವ್ಯಾಪಾರಿಯಿಂದ ವಾಪಸು ತರಿಸುವ ಚಾರ್ಜ್‌ಬ್ಯಾಕ್ ಅರ್ಜಿ ಹಾಕಬೇಕು. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಮಿತಿ ಇರುತ್ತದೆ. ಏಜೆಂಟರು ‘ಇನ್ನೊಂದು ವಾರ, ಇನ್ನೊಂದು ವಾರ’ ಎನ್ನುತ್ತ ಈ ಮಿತಿಯನ್ನು ದಾಟಿಸಿಬಿಟ್ಟ ಪ್ರಕರಣಗಳನ್ನು ನೋಡಿದ್ದೇನೆ, ಆದ್ದರಿಂದ ಆ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪಿನಲ್ಲಿ ಗುರುತು ಮಾಡಿ. ನೀವು ಕ್ರೆಡಿಟ್ ಒಪ್ಪಿದ್ದರೆ ಅಥವಾ ನೀವೇ ರದ್ದು ಮಾಡಿದ್ದರೆ ಈ ಅರ್ಜಿ ನಿಲ್ಲುವುದು ಕಷ್ಟ, ಎರಡನೆಯ ಹಂತದ ಮಹತ್ವ ಇಲ್ಲಿ ಮತ್ತೊಮ್ಮೆ ಗೊತ್ತಾಗುತ್ತದೆ. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದರ ಮಾಹಿತಿ ಕೇಂದ್ರದ ಸಂಖ್ಯೆ 14448.

ಇಎಂಐನಲ್ಲಿ ಕೊಂಡವರು ಪ್ರವಾಸ ರದ್ದಾಯಿತೆಂದು ಕಂತು ನಿಲ್ಲಿಸಬಾರದು. ಸಾಲ ಕೊಟ್ಟ ಬ್ಯಾಂಕಿಗೂ ಹಡಗಿಗೂ ಸಂಬಂಧವಿಲ್ಲ, ಕಂತು ತಪ್ಪಿದರೆ ನಿಮ್ಮ ಸಿಬಿಲ್ ಅಂಕವೇ ಕುಸಿಯುತ್ತದೆ.

ಹಂತ 8: 1915, ಆನಂತರ ಜಿಲ್ಲಾ ಗ್ರಾಹಕ ಆಯೋಗ

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆಯಿರಿ. ಕನ್ನಡದಲ್ಲೇ ಮಾತನಾಡಬಹುದು. ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೆ ಇಲ್ಲಿಂದ ಹೋದ ಪತ್ರಕ್ಕೆ ಅನೇಕ ಕಂಪನಿಗಳು ಉತ್ತರಿಸುತ್ತವೆ.

ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ‘ಷರತ್ತಿನಲ್ಲಿ ಮುಂಬೈ ನ್ಯಾಯಾಲಯ ಎಂದು ಬರೆದಿದೆ, ನೀವು ಅಲ್ಲಿಗೇ ಬರಬೇಕು’ ಎಂದು ಹೆದರಿಸುವವರಿದ್ದಾರೆ. 2019ರ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಶಿರಾದವರು ತುಮಕೂರಿನಲ್ಲಿ, ಮುಳಬಾಗಿಲಿನವರು ಕೋಲಾರದಲ್ಲಿ, ಶಿಡ್ಲಘಟ್ಟದವರು ಚಿಕ್ಕಬಳ್ಳಾಪುರದಲ್ಲಿ ಸಲ್ಲಿಸಿದರಾಯಿತು. ಒಪ್ಪಂದದಲ್ಲಿ ಆರ್ಬಿಟ್ರೇಷನ್ (ನ್ಯಾಯಾಲಯದ ಬದಲು ಮಧ್ಯಸ್ಥರ ಮುಂದೆ ಇತ್ಯರ್ಥ) ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಕಚೇರಿಗೆ ಹೋಗಿ ಸಲ್ಲಿಸಬಹುದು ಅಥವಾ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು.

ದೂರಿನಲ್ಲಿ ಯಾರನ್ನು ಎದುರುದಾರರನ್ನಾಗಿ ಮಾಡಬೇಕೆಂಬುದರಲ್ಲಿ ಅತಿ ಹೆಚ್ಚು ತಪ್ಪುಗಳಾಗುತ್ತವೆ. ಹಡಗು ಕಂಪನಿಯೊಂದನ್ನೇ ಹೆಸರಿಸಿದರೆ, ಅದರ ಕಚೇರಿ ಭಾರತದಲ್ಲಿ ಇಲ್ಲದಿದ್ದಾಗ ನೋಟಿಸು ತಲುಪಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಏಜೆಂಟರೊಬ್ಬರನ್ನೇ ಹೆಸರಿಸಿದರೆ ‘ಹಣ ನನ್ನಲ್ಲಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಿಲ್ಲು ಕೊಟ್ಟ ಏಜೆಂಟರು, ಮಧ್ಯದ ಸಗಟು ಏಜೆನ್ಸಿ, ಹಡಗು ಕಂಪನಿ ಅಥವಾ ಅದರ ಭಾರತದ ಪ್ರತಿನಿಧಿ ಸಂಸ್ಥೆ, ಮೂವರನ್ನೂ ಸೇರಿಸಿ. ಮೂರನೆಯ ಹಂತದಲ್ಲಿ ಹಣದ ದಾರಿಯನ್ನು ಬರೆದಿಟ್ಟುಕೊಳ್ಳಲು ಹೇಳಿದ್ದು ಇದಕ್ಕಾಗಿಯೇ.

ವಾಟ್ಸ್ಆ್ಯಪ್ ಮತ್ತು ಇ-ಮೇಲ್ ಮುದ್ರಿತ ಪ್ರತಿಗಳ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗಳನ್ನು ದೃಢೀಕರಿಸುವ ಪ್ರಮಾಣಪತ್ರ ಲಗತ್ತಿಸಿ. ಕೇಳಿಕೆಯಲ್ಲಿ ಮೂಲ ಮೊತ್ತ, ಅದರ ಬಡ್ಡಿ, ವಿಮಾನ ಮತ್ತು ಇತರ ನಷ್ಟ, ಮಾನಸಿಕ ಯಾತನೆಗೆ ಪರಿಹಾರ, ದೂರಿನ ಖರ್ಚು ಇವುಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ಯಾತನೆಗೆಂದು ಕಟ್ಟಿದ ಹಣದ ಹತ್ತು ಪಟ್ಟು ಕೇಳಬೇಡಿ, ನ್ಯಾಯವಾದ ಮೊತ್ತ ಕೇಳಿದ ದೂರಿಗೆ ತೂಕ ಹೆಚ್ಚು. ಎದುರುದಾರರಿಗೆ ಉತ್ತರ ಸಲ್ಲಿಸಲು ನೋಟಿಸು ತಲುಪಿದ ಮೇಲೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಮಾತ್ರ ಇರುತ್ತದೆ. ವಿಚಾರಣೆಯ ದಿನ ಗೈರಾಗಬೇಡಿ.

ಎಲ್ಲ ಹಂತಗಳಲ್ಲೂ ಎಚ್ಚರ ವಹಿಸಬೇಕಾದ ವಂಚನೆ

ಪ್ರಯಾಣ ರದ್ದಾದ ಸುದ್ದಿ ಹರಡುತ್ತಿದ್ದಂತೆಯೇ ಕಳ್ಳರೂ ಎಚ್ಚೆತ್ತುಕೊಳ್ಳುತ್ತಾರೆ. ಗೂಗಲ್‌ನಲ್ಲಿ ಹುಡುಕಿದಾಗ ಸಿಗುವ ಕಸ್ಟಮರ್ ಕೇರ್ ಸಂಖ್ಯೆಗಳಲ್ಲಿ ನಕಲಿ ಸಂಖ್ಯೆಗಳು ಸೇರಿರುತ್ತವೆ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ, ಒಟಿಪಿ ಬೇಕಾಗುವುದಿಲ್ಲ, ಮೊಬೈಲ್ ಪರದೆಯನ್ನು ಬೇರೆಯವರಿಗೆ ತೋರಿಸುವ ಆ್ಯಪ್ ಬೇಕಾಗುವುದಿಲ್ಲ, ಮೊದಲು ‘ಪ್ರೊಸೆಸಿಂಗ್ ಶುಲ್ಕ’ ಕಟ್ಟಬೇಕಾಗಿಯೂ ಇಲ್ಲ. ಇವುಗಳಲ್ಲಿ ಯಾವುದನ್ನು ಕೇಳಿದರೂ ಕರೆಯನ್ನು ಕತ್ತರಿಸಿ. ಹಣ ಹೋಗಿಯೇಬಿಟ್ಟಿದ್ದರೆ ಒಂದು ಗಳಿಗೆಯನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬುಕಿಂಗ್ ಸಂಖ್ಯೆ ಮತ್ತು ಪಾಸ್‌ಪೋರ್ಟ್ ಚಿತ್ರಗಳನ್ನು ಸಹಪ್ರಯಾಣಿಕರ ಗುಂಪುಗಳಲ್ಲಿ ಹಂಚಿಕೊಳ್ಳಬೇಡಿ, ಕೋಪದ ಭರದಲ್ಲಿ ಹಾಕಿದ ಇಂಥ ಒಂದು ಚಿತ್ರ ವಂಚಕರಿಗೆ ಬೇಕಾದ ಅರ್ಧ ಮಾಹಿತಿಯನ್ನು ಕೊಟ್ಟುಬಿಡುತ್ತದೆ.

ಹಣ ಬಂದ ಮೇಲೆ

ಬಂದ ಮೊತ್ತವನ್ನು ಮೂರನೆಯ ಹಂತದ ಬಾಬುಗಳ ಪಟ್ಟಿಯ ಎದುರಿಗಿಟ್ಟು ಒಂದೊಂದಾಗಿ ಗುರುತು ಹಾಕಿ. ‘ಪೂರ್ತಿ ಮತ್ತು ಅಂತಿಮ ಇತ್ಯರ್ಥ’ ಎಂಬ ಕಾಗದಕ್ಕೆ ಸಹಿ ಕೇಳಿದರೆ, ಪೂರ್ತಿ ಹಣ ಬಾರದೆ ಸಹಿ ಮಾಡಬೇಡಿ, ಭಾಗಶಃ ಬಂದಿದ್ದರೆ ‘ಇಷ್ಟು ಬಂದಿದೆ, ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಮಾಡಿ. ವಿದೇಶ ಪ್ರವಾಸಕ್ಕೆ ಕಟ್ಟಿದ ಟಿಸಿಎಸ್ ಅನ್ನು ಈಗಾಗಲೇ ಸರ್ಕಾರಕ್ಕೆ ಜಮಾ ಮಾಡಿದ್ದೇವೆ ಎಂದು ಏಜೆಂಟರು ಹೇಳಿದರೆ, ನಿಮ್ಮ ಪ್ಯಾನ್ ಹೆಸರಿನ 26ಎಎಸ್ ಎಂಬ ತೆರಿಗೆ ಜಮೆಯ ವಿವರಪಟ್ಟಿಯಲ್ಲಿ ಆ ಮೊತ್ತ ಕಾಣುತ್ತಿದೆಯೇ ಎಂದು ನೋಡಿ. ಕಾಣುತ್ತಿದ್ದರೆ ಆ ವರ್ಷದ ಆದಾಯ ತೆರಿಗೆ ರಿಟರ್ನಿನಲ್ಲಿ ಅದನ್ನು ಕೇಳಿ ಪಡೆಯಬಹುದು, ಕಾಣದಿದ್ದರೆ ಅದೂ ಏಜೆಂಟರು ನಿಮಗೆ ಕೊಡಬೇಕಾದ ಬಾಕಿಯೇ.